ಹೊಸ ಟಿ.ವಿ., ಹಳೆಯ ವೈರು



ಹೊಸ ಟಿ.ವಿ. ಬಂದ ದಿನ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ನಡೆಯುವುದು ಒಂದೇ. ಅಂಗಡಿಯ ಕಡೆಯವರು ಬರುತ್ತಾರೆ, ಗೋಡೆ ಕೊರೆಯುತ್ತಾರೆ, ಟಿ.ವಿ.ಯನ್ನು ತೂಗುಹಾಕುತ್ತಾರೆ. ಹಳೆಯ ಟಿ.ವಿ.ಯ ಬೆನ್ನಿಗಿದ್ದ ಕೆಂಪು, ಬಿಳಿ, ಹಳದಿ ಪಿನ್ನಿನ ವೈರನ್ನೇ ಕಿತ್ತು ಹೊಸದಕ್ಕೆ ಚುಚ್ಚುತ್ತಾರೆ. ಚಿತ್ರ ಬಂತೇ? ಬಂತು. ಧ್ವನಿ ಬಂತೇ? ಬಂತು. ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತಾರೆ. ಸಂಜೆ ಮನೆಮಂದಿಯೆಲ್ಲ ಕೂತು ನೋಡಿದರೆ ಧಾರಾವಾಹಿಯ ನಾಯಕಿಯ ಮುಖ ಅಡ್ಡಕ್ಕೆ ಹಿಗ್ಗಿದೆ, ವಾರ್ತೆಯಲ್ಲಿ ಕೆಳಗೆ ಓಡುವ ಅಕ್ಷರಗಳ ಅಂಚು ಕದಡಿದೆ, ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲ. “ಇಷ್ಟು ದುಡ್ಡು ಸುರಿದದ್ದಕ್ಕೆ ಹಳೆಯದೇ ವಾಸಿಯಿತ್ತಲ್ಲ” ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ.

ಆ ಮಾತಿನಲ್ಲಿ ಅರ್ಧ ನಿಜವಿದೆ. ಟಿ.ವಿ. ಹೊಸದು, ಅದಕ್ಕೆ ಸಿಗುತ್ತಿರುವ ಚಿತ್ರ ಮಾತ್ರ ಹಳೆಯದೇ. ಲೆಕ್ಕ ನೋಡಿ. ನಮ್ಮ ದೇಶದಲ್ಲಿ ದೂರದರ್ಶನ ಪ್ರಯೋಗ ರೂಪದಲ್ಲಿ 1959ರಲ್ಲಿ ದೆಹಲಿಯಲ್ಲಿ ಶುರುವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. ಆ ಬಣ್ಣದ ಚಿತ್ರಕ್ಕೆ ನಾವು ಆರಿಸಿಕೊಂಡ ಪದ್ಧತಿಯ ಹೆಸರು ಪಾಲ್. ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಕಣ್ಣಿಗೆ ಬೀಳುವುದು 576. ಆ ಹಳದಿ ಪಿನ್ನಿನ ವೈರು ಹುಟ್ಟಿದ್ದೇ ಇಂಥ ಚಿತ್ರಕ್ಕಾಗಿ. ಬೆಳಕು ಮತ್ತು ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತದೆ, ಆಚೆ ತುದಿಯಲ್ಲಿ ಟಿ.ವಿ. ಅವನ್ನು ಮತ್ತೆ ಬೇರ್ಪಡಿಸಿಕೊಳ್ಳಬೇಕು. ಪೂರ್ತಿ ಬೇರ್ಪಡುವುದಿಲ್ಲ. ಕೆಂಪು ಸೀರೆಯ ಅಂಚಿನಲ್ಲಿ ಬಣ್ಣ ಸೋರಿದಂತೆ ಕಾಣುವುದು ಅದಕ್ಕೇ. ಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟತೆಯ ಚಿತ್ರದಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಬಿಂದುಗಳು. ಒಟ್ಟು ಇಪ್ಪತ್ತು ಲಕ್ಷಕ್ಕೂ ಮೇಲೆ. ಹಳೆಯದರಲ್ಲಿ ನಾಲ್ಕು ಲಕ್ಷ ಚಿಲ್ಲರೆ. ನಾಲ್ಕು ಲಕ್ಷ ಬಿಂದುಗಳನ್ನು ಇಪ್ಪತ್ತು ಲಕ್ಷದ ಜಾಗಕ್ಕೆ ಹಿಗ್ಗಿಸಿದರೆ ಮುಖ ಕದಡದೆ ಇನ್ನೇನಾದೀತು? ಹಳೆಯ ಸಣ್ಣ ಪರದೆಯಲ್ಲಿ ಆ ಕೊರತೆ ಕಾಣುತ್ತಿರಲಿಲ್ಲ, ದೊಡ್ಡ ಪರದೆ ಅದನ್ನು ಎತ್ತಿ ತೋರಿಸುತ್ತದೆ.

ಎಚ್‌ಡಿ ಚಿತ್ರ ನಿಜವಾಗಿ ಕಾಣಬೇಕಾದರೆ ಮೂರು ಒಟ್ಟಿಗೆ ಕೂಡಿಬರಬೇಕು. ಮೊದಲನೆಯದು, ಕೇಬಲ್ ಬಾಕ್ಸ್ ಎಚ್‌ಡಿಯದಾಗಿರಬೇಕು. ಬೆಂಗಳೂರು ಮತ್ತು ಮೈಸೂರಿನಲ್ಲಿ ಕೇಬಲ್ ಡಿಜಿಟಲ್ ಆಗಬೇಕೆಂದು ಸರ್ಕಾರ ಕೊಟ್ಟ ಗಡುವು 2013ರ ಮಾರ್ಚ್ 31. ಆಗ ಆತುರಾತುರವಾಗಿ ಮನೆಮನೆಗೆ ಬಂದ ಬಾಕ್ಸುಗಳಲ್ಲಿ ಬಹಳಷ್ಟು ಸಾಮಾನ್ಯ ಬಾಕ್ಸುಗಳು. ಅಂಥ ಬಾಕ್ಸೇ ಇನ್ನೂ ನಿಮ್ಮ ಮನೆಯಲ್ಲಿದ್ದರೆ ಎಷ್ಟು ದುಬಾರಿ ಟಿ.ವಿ. ತಂದರೂ ಪ್ರಯೋಜನವಿಲ್ಲ, ಕೇಬಲ್‌ನವರಿಂದ ಎಚ್‌ಡಿ ಬಾಕ್ಸ್ ಕೇಳಿ ಪಡೆಯಬೇಕು. ಎರಡನೆಯದು, ಚಾನೆಲ್ ಎಚ್‌ಡಿಯದಾಗಿರಬೇಕು. ಒಂದೇ ಚಾನೆಲ್ಲಿನ ಸಾಮಾನ್ಯ ರೂಪ ಒಂದು ನಂಬರಿನಲ್ಲಿ, ಎಚ್‌ಡಿ ರೂಪ ಇನ್ನೊಂದು ನಂಬರಿನಲ್ಲಿ ಬರುತ್ತದೆ, ದುಡ್ಡೂ ಬೇರೆ. ಎಚ್‌ಡಿಗೆ ದುಡ್ಡು ಕಟ್ಟಿ, ಬೆರಳ ಅಭ್ಯಾಸಕ್ಕೆ ಹಳೆಯ ನಂಬರನ್ನೇ ಒತ್ತುವವರು ಎಷ್ಟೋ ಜನ. ಮೂರನೆಯದು ವೈರು. ಇವತ್ತಿನ ಮಾತಿನ ಹೆಚ್ಚಿನ ಭಾಗ ಅದರದ್ದೇ.

ಬಾನುಲಿಯಲ್ಲಿ ನಾನು ನಿಮಗೆ ಚಿತ್ರ ತೋರಿಸಲಾರೆ. ಆದರೆ ಗೋಡೆಗೆ ಹತ್ತಿದ ಟಿ.ವಿ.ಯ ಹಿಂದೆ ಕೈಹಾಕುವವರಿಗೂ ಏನೂ ಕಾಣುವುದಿಲ್ಲ, ಬೆರಳಿಗೆ ಸಿಕ್ಕಿದ್ದೇ ಲೆಕ್ಕ. ಹಾಗಾಗಿ ಬೆರಳಿಗೆ ತಿಳಿಯುವ ಹಾಗೆಯೇ ಹೇಳುತ್ತೇನೆ. ಕೈ ಹಾಕುವ ಮೊದಲು ಟಿ.ವಿ., ಬಾಕ್ಸ್, ಸ್ಪೀಕರ್ ಮೂರರ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ. ಕೇಬಲ್ ಬದಲು ಡಿಶ್ ಇದ್ದವರಿಗೆ ಇದು ಇನ್ನೂ ಮುಖ್ಯ. ಮಾಳಿಗೆಯ ಮೇಲಿನ ಡಿಶ್ ಕೆಲಸ ಮಾಡಲು ಬೇಕಾದ ವಿದ್ಯುತ್ತು, 13 ಅಥವಾ 18 ವೋಲ್ಟ್, ಬಾಕ್ಸಿನಿಂದಲೇ ಡಿಶ್ಶಿನ ದುಂಡು ವೈರಿನಲ್ಲಿ ಮೇಲಕ್ಕೆ ಹೋಗುತ್ತಿರುತ್ತದೆ.

ಬಾಕ್ಸಿನ ಹಿಂದೆ ಮೊದಲು ಸಿಗುವುದು ತಿರುಪುಮೊಳೆಯ ಹಾಗೆ ಸುರುಳಿ ಕೊರೆದ ದುಂಡು ಕಂಠ. ಅದಕ್ಕೆ ಬೀದಿಯ ಕಂಬದಿಂದ ಬಂದ ದಪ್ಪ ಕಪ್ಪು ಕೇಬಲ್ಲನ್ನು ತಿರುಗಿಸಿ ಬಿಗಿಯಬೇಕು. ಕೇಬಲ್ಲಿನ ತುದಿಯಲ್ಲಿ ತಾಮ್ರದ ಒಂದು ಎಳೆ ಸ್ವಲ್ಪ ಚಾಚಿಕೊಂಡಿರುತ್ತದೆ. ಅದು ಬಾಗಿದ್ದರೆ, ಅಥವಾ ಸುತ್ತಲಿನ ಜಾಲರಿಯ ಒಂದು ಕೂದಲೆಳೆ ಅದಕ್ಕೆ ತಾಗಿದ್ದರೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಚಿತ್ರ ಒಡೆದರೆ ಟಿ.ವಿ.ಯನ್ನು ಬೈಯುವ ಮೊದಲು ಈ ತುದಿಯನ್ನು ನೋಡಿ.

ಅದರ ಪಕ್ಕದಲ್ಲಿ ಹೆಬ್ಬೆರಳಿಗಿಂತ ಕಿರಿದಾದ, ಚಪ್ಪಟೆಯ, ಕೆಳಗಿನ ಎರಡು ಮೂಲೆ ಒಳಕ್ಕೆ ಓರೆಯಾಗಿರುವ ಒಂದು ಕಿಂಡಿ ಸಿಗುತ್ತದೆ. ಅದೇ ಎಚ್‌ಡಿಎಂಐ. 2002ರಲ್ಲಿ ಇದರ ಮೊದಲ ನಿಯಮಾವಳಿ ಹೊರಬಂತು. ಈ ಚಪ್ಪಟೆ ತುದಿಯೊಳಗೆ 19 ಸಂಪರ್ಕಗಳಿವೆ. ಚಿತ್ರವೂ ಧ್ವನಿಯೂ ಅಂಕಿಗಳ ರೂಪದಲ್ಲಿ, ಬೆರೆಯದೆ, ಒಂದೇ ವೈರಿನಲ್ಲಿ ಹೋಗುತ್ತವೆ. ಓರೆ ಮೂಲೆಗಳು ಹೊಂದಿದರೆ ತಾನಾಗಿ ಒಳಗೆ ಹೋಗುತ್ತದೆ, ಹೊಂದದಿದ್ದರೆ ತಿರುಗಿಸಿ ನೋಡಿ, ಬಲ ಹಾಕಬೇಡಿ. ಬಾಕ್ಸಿನ ಎಚ್‌ಡಿಎಂಐ ಔಟ್‌ನಿಂದ ಟಿ.ವಿ.ಯ ಎಚ್‌ಡಿಎಂಐ ಇನ್‌ಗೆ ಒಂದೇ ಒಂದು ವೈರು ಹಾಕಿದರೆ ಚಿತ್ರದ ಕೆಲಸ ಮುಗಿಯಿತು. ಕೆಂಪು, ಬಿಳಿ, ಹಳದಿ ಮೂರನ್ನೂ ತೆಗೆದು ಪಕ್ಕಕ್ಕಿಡಿ.

ವೈರಿನ ಬೆಲೆಯ ಬಗ್ಗೆ ಒಂದು ಮಾತು. ಚಿನ್ನದ ಲೇಪ, ಬಟ್ಟೆಯ ಹೊದಿಕೆ ಎಂದು ಸಾವಿರಾರು ರೂಪಾಯಿಯ ವೈರು ತೋರಿಸುವವರಿದ್ದಾರೆ. ಒಂದೂವರೆ ಎರಡು ಮೀಟರಿನ ದೂರಕ್ಕೆ ಸಾಧಾರಣ ಬೆಲೆಯ, ‘ಹೈ ಸ್ಪೀಡ್’ ಎಂದು ಬರೆದಿರುವ ವೈರು ಸಾಕು. ಅಂಕಿಗಳು ತಲುಪಿದರೆ ಪೂರ್ತಿ ತಲುಪುತ್ತವೆ. ವೈರು ಕೆಟ್ಟಿದ್ದರೆ ಪರದೆಯ ಮೇಲೆ ಚುಕ್ಕೆಗಳು ಮಿಣುಕುತ್ತವೆ, ಇಲ್ಲವೇ ಚಿತ್ರ ಹೋಗಿ ಬಂದು ಮಾಡುತ್ತದೆ. ದುಬಾರಿ ವೈರು ಬಣ್ಣಕ್ಕೆ ಹೆಚ್ಚಿನ ಮೆರುಗು ಕೊಡಲಾರದು.

ವೈರು ಹಾಕಿದ ಮೇಲೂ ಬಾಕ್ಸಿನ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಬೇಕು. ಕೆಲವು ಬಾಕ್ಸುಗಳು ಎಚ್‌ಡಿಎಂಐ ಹಾಕಿದರೂ ಹಿಂದಿನ 576 ಗೆರೆಗಳನ್ನೇ ಕಳಿಸುತ್ತಿರುತ್ತವೆ. ‘ವಿಡಿಯೋ ಔಟ್‌ಪುಟ್’ ಅಥವಾ ‘ರೆಸಲ್ಯೂಷನ್’ ಎಂದಿರುವಲ್ಲಿ 1080 ಆರಿಸಿ. ‘ಆಸ್ಪೆಕ್ಟ್ ರೇಶಿಯೋ’ ಎಂದಿರುವಲ್ಲಿ 16:9 ಇರಲಿ. ಹಳೆಯ ಕಾರ್ಯಕ್ರಮಗಳು, ರಾಜ್‌ಕುಮಾರ್ ಅವರ ಕಪ್ಪು-ಬಿಳುಪು ಚಿತ್ರಗಳು, ಹೆಚ್ಚು ಅಗಲವಿಲ್ಲದ 4:3ರ ಚೌಕಟ್ಟಿನವು. ಅವು ಬಂದಾಗ ಎಡಬಲದಲ್ಲಿ ಕಪ್ಪು ಪಟ್ಟಿ ಬರುವುದೇ ಸರಿ. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ತೆಳ್ಳಗಿನ ನಟ ದಪ್ಪಗಾಗುತ್ತಾನೆ.

ಇನ್ನು ಧ್ವನಿ. ಟಿ.ವಿ. ತೆಳುವಾದಷ್ಟೂ ಅದರ ಸ್ಪೀಕರಿಗೆ ಜಾಗ ಕಿರಿದಾಯಿತು. ಹಳೆಯ ಡಬ್ಬಿ ಟಿ.ವಿ.ಯಲ್ಲಿ ಸ್ಪೀಕರ್ ಹೆಚ್ಚಾಗಿ ನಿಮ್ಮ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಹೊಸದರಲ್ಲಿ ಸಾಮಾನ್ಯವಾಗಿ ಅದು ಕೆಳಕ್ಕೋ ಹಿಂದಕ್ಕೋ ನೋಡುತ್ತದೆ. ಮಾತು ಗೋಡೆಗೆ ತಾಗಿ ನಿಮ್ಮ ಬಳಿ ಬರುತ್ತದೆ. ವಯಸ್ಸಾದವರು ಟಿ.ವಿ. ಜೋರು ಮಾಡಿ ಎನ್ನುವುದಕ್ಕೆ ಕಿವಿಯೊಂದೇ ಕಾರಣವಲ್ಲ. ಸೌಂಡ್‌ಬಾರ್ ಅಥವಾ ಹೋಮ್ ಥಿಯೇಟರ್ ಬೇಕೆನಿಸುವುದು ಅಲ್ಲಿಯೇ. ಗುಂಡಿನ ಸದ್ದಿಗಿಂತ ಮೊದಲು ಮಾತಿಗಾಗಿ ಅದನ್ನು ಕೊಳ್ಳಿ ಎನ್ನುತ್ತೇನೆ ನಾನು.

ಸ್ಪೀಕರನ್ನು ಎಲ್ಲಿಗೆ ಜೋಡಿಸಬೇಕು? ಬಾಕ್ಸಿಗೋ, ಟಿ.ವಿ.ಗೋ? ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಒಂದೇ ಸೂತ್ರ: ಚಿತ್ರ, ಧ್ವನಿ ಎರಡೂ ಜೊತೆಯಾಗಿ ಮೊದಲು ಟಿ.ವಿ.ಗೆ ಹೋಗಲಿ, ಟಿ.ವಿ.ಯಿಂದ ಧ್ವನಿ ಮಾತ್ರ ಸ್ಪೀಕರಿಗೆ ಬರಲಿ.

ಇದಕ್ಕೆ ಕಾರಣವಿದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಮೊದಲು ಕಾಣುವುದು, ಆಮೇಲೆ ಕೇಳುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಸದ್ದೇ ಮೊದಲು ಬಂದರೆ ಮನಸ್ಸು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪ್ರಸಾರಕರಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲಿ ಇದರ ಅಳತೆಯೂ ಇದೆ. ಧ್ವನಿ ಚಿತ್ರಕ್ಕಿಂತ 125 ಮಿಲಿಸೆಕೆಂಡ್ ಹಿಂದೆ ಬೀಳುವ ತನಕ ನಮಗೆ ಗೊತ್ತಾಗುವುದಿಲ್ಲ. 45 ಮಿಲಿಸೆಕೆಂಡ್ ಮುಂದೆ ಬಂದರೆ ಸಾಕು, ಗೊತ್ತಾಗಿಬಿಡುತ್ತದೆ. ಈಗಿನ ಟಿ.ವಿ.ಗಳು ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಹಿಗ್ಗಿಸಿ, ಉಜ್ಜಿ, ಅಂಚು ತಿದ್ದಿ ತೋರಿಸುತ್ತವೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಧ್ವನಿ ಬಾಕ್ಸಿನಿಂದ ನೇರ ಸ್ಪೀಕರಿಗೆ ಹೋದರೆ, ಚಿತ್ರ ಇನ್ನೂ ಟಿ.ವಿ.ಯೊಳಗೆ ಸಿಂಗಾರವಾಗುತ್ತಿರುವಾಗಲೇ ಮಾತು ಹೊರಬಂದಿರುತ್ತದೆ. ತುಟಿ ಅಲುಗುವ ಮೊದಲೇ ಸಂಭಾಷಣೆ! ಎರಡೂ ಟಿ.ವಿ.ಯೊಳಗೇ ಹಾದುಬಂದರೆ ಟಿ.ವಿ. ಧ್ವನಿಯನ್ನೂ ಅಷ್ಟೇ ಹೊತ್ತು ತಡೆದು ಜೊತೆಯಾಗಿ ಬಿಡುತ್ತದೆ. ಮುಂದೆ ಟಿ.ವಿ.ಗೆ ಇಂಟರ್‌ನೆಟ್ಟಿನ ಸಿನಿಮಾ ಬಂದರೂ, ಪೆನ್‌ಡ್ರೈವಿನ ಮದುವೆ ವಿಡಿಯೋ ಬಂದರೂ, ಸ್ಪೀಕರಿಗೆ ಬೇರೆ ವೈರು ಹುಡುಕಬೇಕಾಗಿಲ್ಲ.

ಟಿ.ವಿ.ಯಿಂದ ಸ್ಪೀಕರಿಗೆ ಧ್ವನಿ ಹೋಗಲು ಮೂರು ದಾರಿಗಳಿವೆ.

ಒಳ್ಳೆಯ ದಾರಿ ಎಆರ್‌ಸಿ. ಟಿ.ವಿ.ಯ ಎಚ್‌ಡಿಎಂಐ ಕಿಂಡಿಗಳಲ್ಲಿ ಯಾವುದೋ ಒಂದರ ಪಕ್ಕದಲ್ಲಿ ಎಆರ್‌ಸಿ ಅಥವಾ ಇ-ಎಆರ್‌ಸಿ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಕತ್ತಲಿದ್ದರೆ ಮೊಬೈಲಿನ ಕ್ಯಾಮೆರಾ ಹಿಂದೆ ಚಾಚಿ ಒಂದು ಫೋಟೊ ತೆಗೆದು ಓದಿಕೊಳ್ಳಿ. ಸಾಮಾನ್ಯವಾಗಿ ಎಚ್‌ಡಿಎಂಐನಲ್ಲಿ ಚಿತ್ರ, ಧ್ವನಿ ಟಿ.ವಿ.ಯ ಒಳಕ್ಕೆ ಬರುತ್ತವೆ. 2009ರ ನಿಯಮಾವಳಿಯಲ್ಲಿ, ಅದೇ ವೈರಿನಲ್ಲಿ ಧ್ವನಿ ಹಿಂದಕ್ಕೂ ಹೋಗಬಹುದಾದ ಏರ್ಪಾಡು ಸೇರಿತು. ಟಿ.ವಿ.ಯ ಈ ಕಿಂಡಿಯಿಂದ ಸೌಂಡ್‌ಬಾರಿನ ಎಆರ್‌ಸಿ ಕಿಂಡಿಗೆ ಇನ್ನೊಂದು ಎಚ್‌ಡಿಎಂಐ ವೈರು ಹಾಕಿ. ಎಆರ್‌ಸಿ ಎಂದು ಬರೆಯದ ಕಿಂಡಿಗೆ ಹಾಕಿದರೆ ಸದ್ದು ಬರುವುದಿಲ್ಲ. ಆಮೇಲೆ ಟಿ.ವಿ.ಯ ಮೆನುವಿನಲ್ಲಿ ಸಿಇಸಿ ಎಂಬುದನ್ನು ಆನ್ ಮಾಡಬೇಕು. ಇದಕ್ಕೆ ಒಬ್ಬೊಬ್ಬರದು ಒಂದೊಂದು ನಾಮಕರಣ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಇದು ಆನ್ ಆದರೆ ಟಿ.ವಿ. ಹಾಕಿದೊಡನೆ ಸೌಂಡ್‌ಬಾರೂ ಏಳುತ್ತದೆ, ಟಿ.ವಿ.ಯ ರಿಮೋಟಿನಿಂದಲೇ ಅದರ ಸದ್ದು ಏರಿಸಿ ಇಳಿಸಬಹುದು.

ಎರಡನೆಯ ದಾರಿ ಆಪ್ಟಿಕಲ್. ಬೆರಳಿಗೆ ಸಣ್ಣ ಚೌಕದ, ಒತ್ತಿದರೆ ಒಳಕ್ಕೆ ಮಡಿಚುವ ಪುಟ್ಟ ಬಾಗಿಲು ಸಿಗುತ್ತದೆ. ಇದನ್ನು 1983ರಲ್ಲಿ ಜಪಾನಿನ ತೋಶಿಬಾ ಕಂಪನಿ ತಂದಿತು. ವೈರಿನೊಳಗೆ ತಾಮ್ರವೇ ಇಲ್ಲ. ತೆಳು ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕು ಮಿನುಗಿ ಧ್ವನಿಯನ್ನು ಒಯ್ಯುತ್ತದೆ. ಹೊಸ ವೈರಿನ ಎರಡು ತುದಿಗೂ ಬಣ್ಣವಿಲ್ಲದ ಪುಟ್ಟ ಟೋಪಿ ಹಾಕಿರುತ್ತಾರೆ. ಕಣ್ಣಿಗೆ ಅಷ್ಟಾಗಿ ಕಾಣದ ಅದನ್ನು ಕಿತ್ತುಹಾಕದಿದ್ದರೆ ಪಿನ್ನು ಪೂರ್ತಿ ಕೂರುವುದೇ ಇಲ್ಲ. ಟಿಕ್ ಎಂದು ಕೂತಿರಬೇಕು. ವೈರನ್ನು ಮಡಿಚಬೇಡಿ, ಒಳಗಿನ ಎಳೆ ಮುರಿದರೆ ಬೆಳಕು ಹೋಗದು.

ಮೂರನೆಯದು ಹಳೆಯ ದಾರಿ. ಹತ್ತು ಹದಿನೈದು ವರ್ಷದ ಹಿಂದಿನ ಆಂಪ್ಲಿಫೈಯರ್, ವೂಫರ್ ಸೆಟ್ ಇಟ್ಟುಕೊಂಡವರಿಗೆ ಇದೇ ಗತಿ. ಅದರಲ್ಲಿ ಕೆಂಪು-ಬಿಳಿ ದುಂಡು ಕಿಂಡಿಗಳಿರುತ್ತವೆ, ಟಿ.ವಿ.ಯಲ್ಲಿ ಇಯರ್‌ಫೋನಿನ ಕಿಂಡಿ ಇರುತ್ತದೆ. ಒಂದು ತುದಿ ಇಯರ್‌ಫೋನ್ ಪಿನ್ನು, ಇನ್ನೊಂದು ತುದಿ ಕೆಂಪು-ಬಿಳಿ ಇರುವ ವೈರು ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ಹಳೆಯ ಆಂಪ್ಲಿಫೈಯರ್ ಚೆನ್ನಾಗಿದ್ದರೆ ಹೊಸ ಟಿ.ವಿ. ಬಂತೆಂದು ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಬ್ಲೂಟೂತ್ ಇದೆಯಲ್ಲ ಎಂದು ಕೇಳುವವರಿದ್ದೀರಿ. ಹಾಡು ಕೇಳಲು ಅದು ಸರಿ. ಟಿ.ವಿ.ಗೆ ಹಾಕಿದರೆ ಧ್ವನಿ ನೂರಿನ್ನೂರು ಮಿಲಿಸೆಕೆಂಡ್ ಹಿಂದೆ ಬೀಳುವುದುಂಟು.

ಯಾವ ದಾರಿ ಹಿಡಿದರೂ ವೈರನ್ನು ಕೈಯಲ್ಲಿ ಹಿಡಿದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಹೋಗುವುದು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ? ಔಟ್‌ನಿಂದ ಇನ್‌ಗೆ ಹೋದರೆ ಸರಿ. ಔಟ್‌ನಿಂದ ಔಟ್‌ಗೆ ಹಾಕಿ ಅರ್ಧ ದಿನ ರಿಪೇರಿಯವರನ್ನು ಕಾದವರ ಕಥೆ ಊರಿಗೊಂದಿದೆ.

ಇನ್ನು ಜೋಡಣೆಯಾದ ಮೇಲೆ ಬರುವ ತಕರಾರುಗಳು. ಟಿ.ವಿ. ಸದ್ದು ಮಾಡುತ್ತಿದೆ, ಸ್ಪೀಕರ್ ಮೌನವಾಗಿದೆ ಎಂದರೆ ‘ಸೌಂಡ್ ಔಟ್‌ಪುಟ್’ ಎಂಬಲ್ಲಿ ಇನ್ನೂ ಟಿ.ವಿ. ಸ್ಪೀಕರೇ ಇದೆ ಎಂದರ್ಥ. ಅದನ್ನು ಎಆರ್‌ಸಿಗೋ ಆಪ್ಟಿಕಲ್ಲಿಗೋ ಬದಲಿಸಿ. ಕೆಲವು ಚಾನೆಲ್‌ಗಳಲ್ಲಿ ಮಾತ್ರ ಧ್ವನಿ ಇಲ್ಲ, ಅಥವಾ ಬರೀ ಕರಕರ ಸದ್ದು ಎಂದರೆ, ಬಾಕ್ಸು ಡಾಲ್ಬಿ ಎಂಬ ರೂಪದಲ್ಲಿ ಧ್ವನಿ ಕಳಿಸುತ್ತಿದೆ, ನಿಮ್ಮ ಸ್ಪೀಕರಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಧ್ವನಿಯ ಸೆಟ್ಟಿಂಗಿನಲ್ಲಿ ಪಿಸಿಎಂ ಎಂದು ಆರಿಸಿದರೆ ಮುಗಿಯಿತು. ಹೋಮ್ ಥಿಯೇಟರಿನ ಹಿಂಬದಿಯ ಸ್ಪೀಕರುಗಳು ಉಸಿರೇ ಎತ್ತುವುದಿಲ್ಲ ಎಂದು ದೂರುವವರಿದ್ದಾರೆ. ನಮ್ಮ ಕೇಬಲ್ಲಿನಲ್ಲಿ ಬರುವ ಬಹಳಷ್ಟು ಕಾರ್ಯಕ್ರಮಗಳ ಧ್ವನಿ ಎಡ, ಬಲ ಎಂದು ಎರಡೇ ಪಾಲಿನದು, ಐದು ಸ್ಪೀಕರಿಗೆ ಹಂಚಲು ಅದರಲ್ಲಿ ಏನೂ ಇರುವುದಿಲ್ಲ. ಅದು ಕೆಟ್ಟಿರುವುದರ ಲಕ್ಷಣವಲ್ಲ.

ಸ್ಪೀಕರಿನಲ್ಲಿ ಯಾವಾಗಲೂ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಅದರ ಮೂಲ ಬಹುಶಃ ಬೀದಿಯಲ್ಲಿದೆ. ಕೇಬಲ್ಲಿನ ಹೊರಜಾಲರಿ ಎಲ್ಲೋ ಕಂಬದ ಮೇಲೆ ಭೂಮಿಗೆ ಜೋಡಿಕೊಂಡಿರುತ್ತದೆ, ನಿಮ್ಮ ಆಂಪ್ಲಿಫೈಯರ್ ಮನೆಯ ಅರ್ತಿಂಗಿಗೆ ಜೋಡಿಕೊಂಡಿರುತ್ತದೆ. ಎರಡರ ನಡುವಿನ ಸಣ್ಣ ವ್ಯತ್ಯಾಸಕ್ಕೆ ವೈರುಗಳ ಮೂಲಕ ವಿದ್ಯುತ್ತು ಹರಿದಾಡುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಸ್ಪೀಕರಿನಲ್ಲಿ ಕೇಳಿಸುವುದು ಹಾಗೆ. ಬಾಕ್ಸಿನ ದುಂಡು ಕೇಬಲ್ಲನ್ನು ಒಮ್ಮೆ ಬಿಚ್ಚಿ ನೋಡಿ, ಗುಂಯ್ ನಿಂತರೆ ಕಳ್ಳ ಸಿಕ್ಕಿದ. ಆಪ್ಟಿಕಲ್ ವೈರಿನಲ್ಲಿ ಹೋಗುವುದು ಬೆಳಕು, ಆದ್ದರಿಂದ ಧ್ವನಿಗೆ ಅದನ್ನೇ ಬಳಸಿದರೆ ಈ ಹರಿದಾಟಕ್ಕೆ ದಾರಿಯೇ ಇಲ್ಲ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೆಯ ಕಡ್ಡಿ ಮುರಿಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಖಂಡಿತ ಬೇಡ.

ಶೋಕೇಸಿನ ವಿಷಯ ಹೇಳಲೇಬೇಕು. ಸೌಂಡ್‌ಬಾರನ್ನು ಗಾಜಿನ ಬಾಗಿಲಿನ ಹಿಂದೆ, ದಸರಾ ಬೊಂಬೆ, ಬಹುಮಾನದ ಕಪ್ಪುಗಳ ನಡುವೆ ಇಟ್ಟರೆ ಮಾತು ಅಲ್ಲೇ ಉಳಿಯುತ್ತದೆ. ಟಿ.ವಿ.ಯ ಕೆಳಗೆ, ಹಲಗೆಯ ಅಂಚಿಗೆ ತಂದು ಇಡಿ. ಆದರೆ ಟಿ.ವಿ.ಯ ಕೆಳಅಂಚಿನಲ್ಲಿರುವ ರಿಮೋಟಿನ ಕಣ್ಣನ್ನು ಅದು ಮುಚ್ಚಬಾರದು. ರಿಮೋಟ್ ಕೆಟ್ಟಿತೆಂದು ಸೆಲ್ ಬದಲಿಸುತ್ತಾ ಕೂರುವ ಮೊದಲು ಸೌಂಡ್‌ಬಾರನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ನೋಡಿ. ವೂಫರನ್ನು ಮೂಲೆಗೆ ತಳ್ಳಿದರೆ ಗುಡುಗು ಹೆಚ್ಚಿ ಮಾತು ಮುಳುಗುತ್ತದೆ, ಮೂಲೆಯಿಂದ ಒಂದೆರಡು ಅಡಿ ಈಚೆಗಿರಲಿ. ಕೇಬಲ್ ಬಾಕ್ಸ್ ಬಿಸಿಯಾಗುವ ವಸ್ತು, ಅದರ ಮೇಲೆ ಕೈಕುಸುರಿಯ ಬಟ್ಟೆ ಹೊದಿಸಬೇಡಿ.

ಕೊನೆಗೆ ಚಿತ್ರವನ್ನು ಹದಕ್ಕೆ ತರುವುದು. ಮೊದಲ ಸಲ ಟಿ.ವಿ. ಹಾಕಿದಾಗ ‘ಹೋಮ್’ ಬೇಕೋ ‘ಸ್ಟೋರ್’ ಬೇಕೋ ಎಂದು ಕೇಳುತ್ತದೆ, ಹೋಮ್ ಎನ್ನಿ. ಸ್ಟೋರ್ ಎಂದರೆ ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಗಿರಾಕಿಯ ಕಣ್ಣು ಸೆಳೆಯುವ ಝಗಮಗ. ‘ವಿವಿಡ್’ ಬಿಟ್ಟು ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ ಇಟ್ಟರೆ ಮೈಬಣ್ಣ ಮೈಬಣ್ಣವಾಗಿ ಕಾಣುತ್ತದೆ. ಸಿನಿಮಾ ನೋಡುವಾಗ ಚಲನೆ ವಿಪರೀತ ನುಣುಪಾಗಿ, ಧಾರಾವಾಹಿಯ ಹಾಗೆ ಕಂಡರೆ, ಟ್ರೂಮೋಷನ್, ಮೋಷನ್‌ಫ್ಲೋ ಮುಂತಾದ ಹೆಸರಿನ ಸೌಲಭ್ಯ ಆನ್ ಆಗಿದೆ ಎಂದರ್ಥ, ಆಫ್ ಮಾಡಿ. ಪರದೆಯ ಅಂಚಿನಲ್ಲಿ ಚಾನೆಲ್ಲಿನ ಲಾಂಛನ, ಕ್ರಿಕೆಟ್ ಸ್ಕೋರು ಕತ್ತರಿಸಿ ಹೋಗಿದ್ದರೆ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕಿ. ನಲವತ್ಮೂರು ಇಂಚಿನ ಟಿ.ವಿ.ಯಲ್ಲಿ ಎಚ್‌ಡಿಯ ವಿವರ ಚೆನ್ನಾಗಿ ಕಾಣಬೇಕಾದರೆ ಆರು ಅಡಿಯಷ್ಟು ದೂರ ಕೂತರೆ ಸಾಕು. ಇಪ್ಪತ್ತು ಅಡಿ ಆಚೆ ಊಟದ ಮೇಜಿನಿಂದ ನೋಡುವವರಿಗೆ ಎಚ್‌ಡಿಯೂ ಒಂದೇ, ಸಾಮಾನ್ಯ ಚಿತ್ರವೂ ಒಂದೇ.

ಮಲೆನಾಡು, ಕರಾವಳಿಯ ಕೇಳುಗರಿಗೆ ಒಂದು ಎಚ್ಚರಿಕೆ. ಗುಡುಗು ಸಿಡಿಲಿನ ಹೊತ್ತಿಗೆ ಸ್ವಿಚ್ ಆರಿಸಿದರಷ್ಟೇ ಸಾಲದು. ಸಿಡಿಲಿನ ಹೊಡೆತ ಕೇಬಲ್ಲಿನ ದಾರಿಯಲ್ಲೂ ಬರುತ್ತದೆ. ಬಾಕ್ಸಿನಿಂದ ಎಚ್‌ಡಿಎಂಐ ಹಿಡಿದು ಟಿ.ವಿ.ಗೆ, ಟಿ.ವಿ.ಯಿಂದ ಸೌಂಡ್‌ಬಾರಿಗೆ. ಮೋಡ ಕವಿಯುವಾಗಲೇ ಪ್ಲಗ್ಗನ್ನೂ ದುಂಡು ಕೇಬಲ್ಲನ್ನೂ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ವೈರು ಮುಟ್ಟಲು ಹೋಗಬೇಡಿ.

ಎಲ್ಲ ಸರಿಹೋದ ದಿನ ಇನ್ನೊಂದು ಹತ್ತು ನಿಮಿಷ ಖರ್ಚು ಮಾಡಿ. ಬಿಳಿ ಟೇಪಿನ ಚೂರುಗಳ ಮೇಲೆ ‘ಬಾಕ್ಸ್‌ನಿಂದ ಟಿ.ವಿ.ಗೆ’, ‘ಟಿ.ವಿ.ಯಿಂದ ಸ್ಪೀಕರಿಗೆ, ಎಆರ್‌ಸಿ’, ‘ಬೀದಿ ಕೇಬಲ್’ ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆದು, ಪ್ರತಿ ವೈರಿನ ಎರಡು ತುದಿಗೂ ಸುತ್ತಿ. ಟಿ.ವಿ.ಯ ಮೆನುವಿನಲ್ಲಿ ಬದಲಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ತಳಕ್ಕೆ ಅಂಟಿಸಿ. ಮುಂದಿನ ಸಲ ಸುಣ್ಣಬಣ್ಣಕ್ಕೆಂದು ಎಲ್ಲವನ್ನೂ ಕಿತ್ತು ಕೆಳಗಿಟ್ಟಾಗ ಕೇಬಲ್‌ನವರಿಗೆ ಫೋನು ಮಾಡಿ ಕಾಯಬೇಕಾಗಿಲ್ಲ. ಓದಲು ಬರುವ ಮನೆಯ ಮಗುವೂ ತಿರುಗಿ ಜೋಡಿಸಿಬಿಡುತ್ತದೆ.